‘ಫರ್ದರ್ ಡೌನ್ ದ ಸ್ಪೈರಲ್’ ಕೇವಲ ಹಳೆಯ ಹಾಡುಗಳ ರೀಮಿಕ್ಸೇ?

ಪೂರ್ತಿಯಾಗಿ ಅಲ್ಲ. ಅಮೆರಿಕದ ಇಂಡಸ್ಟ್ರಿಯಲ್ ರಾಕ್ (ಯಂತ್ರದಂಥ ಕರ್ಕಶ ಸದ್ದುಗಳನ್ನು ಬೆರೆಸಿದ ರಾಕ್) ತಂಡ ನೈನ್ ಇಂಚ್ ನೇಲ್ಸ್ 1994ರಲ್ಲಿ ಹೊರತಂದ ‘ದ ಡೌನ್‌ವರ್ಡ್ ಸ್ಪೈರಲ್’ ಆಲ್ಬಮ್ಮಿನ ಹಾಡುಗಳನ್ನು ಬೇರೆ ಬೇರೆ ಕಲಾವಿದರ ಕೈಗೊಪ್ಪಿಸಿದ್ದರ ಫಲವೇ 1995ರ ಈ ರೀಮಿಕ್ಸ್ ಆಲ್ಬಮ್. ಬ್ರಿಟನ್ನಿನ ಕಾಯಿಲ್ ತಂಡವು ‘ಇರೇಸರ್’ ಹಾಡನ್ನು ಬಿಡಿಬಿಡಿಯಾಗಿ ಕಳಚಿ ಮತ್ತೆ ಕಟ್ಟಿದರೆ, ಮೂಲದಲ್ಲಿ ತಗ್ಗಿದ ದನಿಯಲ್ಲಿ ಸಾಗುವ ‘ಪಿಗ್ಗಿ’ಯು ಸಂಗೀತ ನಿರ್ಮಾಪಕ ರಿಕ್ ರೂಬಿನ್ ಅವರ ಕೈಯಲ್ಲಿ, ಡೇವ್ ನವಾರೊ ಅವರ ಗಿಟಾರಿನೊಂದಿಗೆ, ಅಬ್ಬರದ ರಾಕ್ ಆಗಿದೆ. ಆದರೆ ನನ್ನ ದೃಷ್ಟಿಯಲ್ಲಿ ಆಲ್ಬಮ್ಮಿನ ಶಿಖರವಾದ, ಎಲೆಕ್ಟ್ರಾನಿಕ್ ಸಂಗೀತಗಾರ ಏಫೆಕ್ಸ್ ಟ್ವಿನ್ ಅವರ ‘ಅಟ್ ದ ಹಾರ್ಟ್ ಆಫ್ ಇಟ್ ಆಲ್’ ಯಾವ ಹಾಡಿನ ರೀಮಿಕ್ಸೂ ಅಲ್ಲ. ಅದು ನಿಧಾನವಾದ, ಭಾರವಾದ ಬಡಿತದ ಮೇಲೆ ಹೊಸದಾಗಿಯೇ ರಚಿಸಿದ ವಾದ್ಯಸಂಗೀತ. ಕೊಳ್ಳುವವರು ಗಮನಿಸಬೇಕು: ಅಮೆರಿಕದ ಮತ್ತು ಬ್ರಿಟನ್ನಿನ ಆವೃತ್ತಿಗಳ ಹಾಡುಪಟ್ಟಿ ಒಂದೇ ಅಲ್ಲ, ‘ಹರ್ಟ್’ ಹಾಡಿನ ಸೌಮ್ಯ ರೂಪವಿರುವುದು ಅಮೆರಿಕದ್ದರಲ್ಲಿ.