ಕೆರೆ ಸತ್ತಿಲ್ಲ, ಕೆಸರನ್ನು ಇನ್ನೊಮ್ಮೆ ನೋಡಿ

ನಮಸ್ಕಾರ.

ಮುಂಬಯಿಯ ಪವಾಯಿ ಕೆರೆಯ ಬಗ್ಗೆ ನೀವು ಕಳಿಸಿದ ‘ಸತ್ತ ಕೆರೆಯ ಕಣ್ಣೀರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಏಳನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಅದು ಕೈಬಿಟ್ಟು ಹೋಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೆಲಸದವರು ನೀರಿನ ಮೇಲೆ ತೇಲಿ ಹಬ್ಬುವ ಕಳೆ ಜಲಪರ್ಣಿಯನ್ನು ಬೇರು ಸಮೇತ ಎಳೆದು ದಡಕ್ಕೆ ಹಾಕಿದರು. ಜೊತೆಗೆ ಡಾಂಬರಿನಂಥ ಕಪ್ಪು ಕೆಸರು ಬಂತು. ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು. ಕೋಲು ಚುಚ್ಚಿದ ಕಡೆ ಗುಳ್ಳೆ ಎದ್ದವು. ಇದನ್ನು ನೀವೇ ನಿಂತು ನೋಡಿದ್ದೀರಿ ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಉಳಿದ ಪುಟಗಳನ್ನು ಯಾರು ಬೇಕಾದರೂ, ಯಾವ ಕೆರೆಯ ಬಗ್ಗೆ ಬೇಕಾದರೂ ಬರೆಯಬಹುದಿತ್ತು.

ಅಷ್ಟು ಚೆನ್ನಾಗಿ ನೋಡಿದವರು ಮರುಸಾಲಿನಲ್ಲೇ ‘ಚರಂಡಿ ನೀರು ಬ್ಯಾಕ್ಟೀರಿಯಾಗಳನ್ನೆಲ್ಲ ಕೊಂದಿದೆ, ಕೆರೆ ಸತ್ತಿದೆ’ ಅಂದುಬಿಟ್ಟಿರಿ. ಇದು ತಪ್ಪು. ಚರಂಡಿ ನೀರು ಬ್ಯಾಕ್ಟೀರಿಯಾಗಳಿಗೆ ಊಟ. ಅವು ಸಾಯುವುದಿಲ್ಲ, ಜಾಸ್ತಿ ಆಗುತ್ತವೆ. ಬದಲಾಗುವುದು ಅಲ್ಲಿ ಯಾರು ಬಾಳುತ್ತಾರೆ ಅನ್ನೋದು. ಹೂಳಿನೊಳಗೆ ಆಮ್ಲಜನಕ ಇಳಿಯುವುದೇ ಸಾಮಾನ್ಯವಾಗಿ ಕೆಲವು ಮಿಲಿಮೀಟರ್. ಕೊಳಕು ತಿನ್ನುವ ಭರದಲ್ಲಿ ಅದೂ ಖಾಲಿಯಾಗುತ್ತದೆ. ಆಮೇಲೆ ಅದಿಲ್ಲದೆ ಬದುಕಬಲ್ಲವುಗಳ ಸರದಿ. ಆಮ್ಲಜನಕದ ಬದಲು ಕೆಲವು ನೈಟ್ರೇಟ್ ಬಳಸುತ್ತವೆ, ಕೆಲವು ಕಬ್ಬಿಣ, ಇನ್ನು ಕೆಲವು ಸಲ್ಫೇಟ್. ಸಲ್ಫೇಟ್ ಬಳಸುವವು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ನಿಮ್ಮ ಮೂಗಿಗೆ ಬಡಿದದ್ದು ಅದೇ. ಅದು ಕಬ್ಬಿಣದ ಜೊತೆ ಸೇರಿದಾಗ ಕೆಸರು ಕಪ್ಪಾಗುತ್ತದೆ. ಇನ್ನೂ ಆಳದಲ್ಲಿ ಆರ್ಕಿಯಾ ಎಂಬ ಬೇರೆಯೇ ಗುಂಪಿನ ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ನಿಮ್ಮ ಗುಳ್ಳೆಗಳಲ್ಲಿ ಹೆಚ್ಚಿನದು ಅದೇ ಇರಬೇಕು.

ಜಲಪರ್ಣಿಗೂ ಇದಕ್ಕೂ ನಂಟಿದೆ. ಹೂಳಿನಲ್ಲಿ ರಂಜಕ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ಆಮ್ಲಜನಕ ಹೋದಾಗ ಆ ಹಿಡಿತ ಸಡಿಲವಾಗಿ ರಂಜಕ ಮೇಲಿನ ನೀರಿಗೆ ಬರುತ್ತದೆ, ಕಳೆಗೆ ಗೊಬ್ಬರವಾಗುತ್ತದೆ. ಹಾಗಾಗಿ ‘ಚರಂಡಿ ಮುಚ್ಚಿದರೆ ಮರುವರ್ಷವೇ ಕೆರೆ ತಿಳಿಯಾಗುತ್ತದೆ’ ಎಂಬ ನಿಮ್ಮ ಕೊನೆಯ ಪುಟದ ಮಾತನ್ನು ತೆಗೆಯಿರಿ. ಮುಚ್ಚಲೇಬೇಕು, ನಿಜ. ಆದರೆ ಹಳೆಯ ಹೂಳು ವರ್ಷಗಟ್ಟಲೆ ಕಳೆಯನ್ನು ಸಾಕುತ್ತಲೇ ಇರಬಹುದು. ಓದುಗರಿಗೆ ಸುಳ್ಳು ಭರವಸೆ ಕೊಡಬಾರದು, ಅಲ್ವಾ?

ಮಲದ ಕೋಲಿಫಾರ್ಮ್, ಅಂದರೆ ನೀರಿಗೆ ಮಲ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾಗಳ ಲೆಕ್ಕ ಸುಮ್ನೆ ಕೊಟ್ಟರೆ ಯಾರಿಗೂ ಅರ್ಥವಾಗುವುದಿಲ್ಲ. ಸ್ನಾನದ ನೀರಿಗೆ ನಮ್ಮ ದೇಶದ ಮಿತಿ 100 ಮಿಲಿಲೀಟರ್‌ಗೆ 2500, 500ರೊಳಗಿದ್ದರೆ ಒಳ್ಳೆಯದು ಅಂತ ಪಕ್ಕದಲ್ಲೇ ಹೇಳಿ. ಮೇಲಿನ ನೀರು ಮಾತ್ರ ನೋಡಿದರೂ ಸಾಲದು. ಹೂಳಿನಲ್ಲಿ ಬಿಸಿಲು ತಾಗುವುದಿಲ್ಲ, ಹಾಗಾಗಿ ಈ ಬ್ಯಾಕ್ಟೀರಿಯಾಗಳು ಅಲ್ಲಿ ಹೆಚ್ಚು ದಿನ ಉಳಿಯುತ್ತವೆ. ಜೋರು ಮಳೆಗೆ ಕೆಸರು ಕದಡಿದಾಗ ಮತ್ತೆ ಮೇಲೆ ಬರುತ್ತವೆ. ಔಷಧಿಗೆ ಬಗ್ಗದ ಗುಣವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಲು ಇಂಥ ದಟ್ಟ ಕೆಸರು ಅನುಕೂಲದ ಜಾಗ. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದು. ನಿಮ್ಮ ಲೇಖನದಲ್ಲಿ ಇದರ ಮಾತೇ ಇಲ್ಲ.

ಇನ್ನೊಂದು. ‘ಮುಂಬಯಿ ಕುಡಿಯುವ ಕೆರೆ’ ಅಂದಿದ್ದೀರಿ. 1891ರಲ್ಲಿ ಕಟ್ಟಿದ್ದು ಕುಡಿಯುವ ನೀರಿಗೇ, ಆದರೆ ಈಗ ಅದನ್ನು ಯಾರೂ ಕುಡಿಯುವುದಿಲ್ಲ. ನಮ್ಮ ನಲ್ಲಿಗೆ ಬರುವುದು ಭಾತ್ಸಾ, ವೈತರಣಾ, ವಿಹಾರ್, ತುಳಸಿ ಕಡೆಯ ನೀರು.

‘ಗಂಗಾಮಾತೆಯ ಆಕ್ರಂದನ’ ಅಂತ ಬರೆದಿರುವ ಮೊದಲ ಎರಡು ಪುಟ ಹೊಡೆದುಹಾಕಿ. ಆದರೆ ಅದರ ನಡುವೆ, ಬೇಸಿಗೆಯಲ್ಲಿ ನಿಮ್ಮಜ್ಜ ಗಾಡಿ ಕಟ್ಟಿ ಕೆರೆಗೋಡು ತಂದು ಹೊಲಕ್ಕೆ ಹಾಕುತ್ತಿದ್ದ ಒಂದು ಸಾಲು ಅಡಗಿದೆ. ಅಲ್ಲಿಂದ ಶುರು ಮಾಡಿ. ಅದೂ ಕೆರೆಯ ಹೂಳು, ಇದೂ ಕೆರೆಯ ಹೂಳು. ಅದನ್ನು ಮನೆಗೆ ತಂದರು, ಇದಕ್ಕೆ ಮೂಗು ಮುಚ್ಚಿದಿರಿ. ಯಾಕೆ ಅಂತ ಹೇಳುವುದೇ ನಿಮ್ಮ ಲೇಖನ. ನಾಲ್ಕು ಪುಟ ಸಾಕು.

ಬರೆಯುವ ಮೊದಲು ಇನ್ನೊಮ್ಮೆ ಹೋಗಿ ಬನ್ನಿ. ಮೊಸಳೆಗಳಿವೆ, ನೀರಿಗೆ ಇಳಿಯಬೇಡಿ. ದಡಕ್ಕೆ ಎಳೆದ ಕಪ್ಪು ಕೆಸರಿಗೆ ಗಾಳಿ ತಾಗಿದಾಗ ಮೇಲ್ಮೈ ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಬೇಕು. ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿಕೊಂಡು ಬರೆಯಿರಿ.