ಪುಂಡುವೇಷ ಒಂದೇ ಇರಬಹುದು, ಪುಂಡರು ಬೇರೆ ಬೇರೆ

ಪ್ರಶ್ನೆ: ಹೋದ ವರ್ಷ ನಮ್ಮ ಸಂಘದ ಯಕ್ಷಗಾನ ಆಟದಲ್ಲಿ ಅಭಿಮನ್ಯು ಮಾಡಿದ್ದೆ. ಈ ಸಲ ಬಭ್ರುವಾಹನ ಕೊಟ್ಟಿದ್ದಾರೆ. ತೆಂಕುತಿಟ್ಟಿನಲ್ಲಿ (ಕರಾವಳಿಯ ತೆಂಕಣ ಶೈಲಿಯಲ್ಲಿ) ಎರಡೂ ಪುಂಡುವೇಷ, ಅಂದರೆ ಎಳೆಯ ವೀರನ ವೇಷ, ಕುಣಿತವೂ ಹೆಚ್ಚುಕಡಿಮೆ ಅದೇ. ಪಾತ್ರ ಬೇರೆ ಎಂದು ಕಾಣಿಸುವುದು ಹೇಗೆ? ಪಾತ್ರ ಮೈಮೇಲೆ ಬರಲು ಏನು ತಯಾರಿ ಬೇಕು?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಕೇಳಿ ಕೇಳಿ ಸಾಕಾಗಿದೆ. ಆಟದಲ್ಲಿ ಯಾರ ಮೈಮೇಲೂ ಏನೂ ಬರಬಾರದು. ಬಂದರೆ ಪದ್ಯ ಹಾಡಿ ಆಟ ನಡೆಸುವ ಭಾಗವತರ ತಾಳ ಕೇಳಿಸಿಕೊಳ್ಳುವವರು ಯಾರು? ಚೆಂಡೆಯ ಮುಕ್ತಾಯಕ್ಕೆ ಹೆಜ್ಜೆ ನಿಲ್ಲಿಸುವವರು ಯಾರು? ಎದುರಿನವನಿಗೆ ಬಿಲ್ಲು ತಾಗಿಸಿ ಗಾಯ ಮಾಡಿ, ಚೌಕಿಗೆ (ವೇಷ ಕಟ್ಟುವ ಕೋಣೆಗೆ) ಬಂದು ‘ಆವೇಶ ಬಂದಿತ್ತು’ ಎನ್ನುವ ಹುಡುಗರಿದ್ದಾರೆ. ನಾನಾದರೆ ಅಂಥವರಿಗೆ ಮುಂದಿನ ಆಟದಲ್ಲಿ ವೇಷ ಕೊಡುವುದಿಲ್ಲ.

ಇನ್ನು ವೇಷದ ವಿಚಾರ. ಪುಂಡು, ಕಿರೀಟ, ಬಣ್ಣ, ಹೆಣ್ಣುಬಣ್ಣ ಎಂಬ ವಿಂಗಡಣೆ ಇರುವುದು ಬಯಲಿನ ಕೊನೆಯಲ್ಲಿ ಕುಳಿತವರಿಗೂ ಬಂದದ್ದು ಎಳೆಯ ವೀರನೋ, ರಾಜನೋ, ರಕ್ಕಸನೋ, ರಕ್ಕಸಿಯೋ ಎಂದು ಕಂಡ ಕೂಡಲೇ ತಿಳಿಯಲಿ ಎಂದು. ಅಷ್ಟು ಕೆಲಸವನ್ನು ವೇಷವೇ ಮುಗಿಸಿಕೊಟ್ಟಿದೆ. ಮತ್ತೆ ನೀವು ಗಳಿಗೆಗೊಮ್ಮೆ ಎದೆಯುಬ್ಬಿಸಿ ‘ನಾನು ವೀರ’ ಎಂದು ಸಾರಬೇಕಾಗಿಲ್ಲ. ಈ ವೀರ ಯಾರ ಮಗ, ಯಾಕೆ ಇಲ್ಲಿಗೆ ಬಂದ, ಅಷ್ಟನ್ನು ನೋಡಿಕೊಳ್ಳಿ.

ನಿಮ್ಮ ಅದೃಷ್ಟಕ್ಕೆ ಇಬ್ಬರೂ ಅರ್ಜುನನ ಮಕ್ಕಳೇ. ಅಭಿಮನ್ಯು ಅಪ್ಪನ ಹೆಮ್ಮೆಯಲ್ಲೇ ಬೆಳೆದವನು. ಸಂಶಪ್ತಕರು ಅರ್ಜುನನನ್ನು ದೂರಕ್ಕೆ ಸೆಳೆದಿದ್ದಾರೆ, ದೊಡ್ಡಪ್ಪ ಧರ್ಮರಾಯ ಕಂಗಾಲಾಗಿದ್ದಾನೆ. ಚಕ್ರವ್ಯೂಹದ ಒಳಗೆ ಹೋಗಲು ಗೊತ್ತು, ಹೊರಗೆ ಬರಲು ಗೊತ್ತಿಲ್ಲ, ಆದರೂ ಹೊರಟ. ಅವನ ಮಾತಿನಲ್ಲಿ ಸಲುಗೆ ಇದೆ, ಅವಸರವಿದೆ, ಅಪ್ಪನ ಹೆಸರು ಸಲೀಸಾಗಿ ಬರುತ್ತದೆ. ಬಭ್ರುವಾಹನ ಹಾಗಲ್ಲ, ಮಣಿಪುರವನ್ನು ಆಳುವ ದೊರೆ. ಯಾಗದ ಕುದುರೆ ಕಟ್ಟಿಹಾಕಿದ ಮೇಲೆ, ಅದರ ಬೆನ್ನಿಗೆ ಬಂದವನು ತನ್ನ ತಂದೆ ಎಂದು ತಾಯಿ ಚಿತ್ರಾಂಗದೆಯಿಂದ ತಿಳಿದು, ಕಾಣಿಕೆ ಹಿಡಿದುಕೊಂಡು ಶರಣು ಹೋಗುತ್ತಾನೆ. ಅರ್ಜುನ ಅವನ ಹುಟ್ಟನ್ನೇ ಹೀಗಳೆಯುತ್ತಾನೆ. ಅಲ್ಲಿಂದ ಮುಂದಿನದೆಲ್ಲ ತಾಯಿಯ ಮಾನಕ್ಕಾಗಿ.

ಹಾಗಾಗಿ ‘ತಂದೆಯೇ’ ಎಂಬ ಮಾತನ್ನು ಅಭಿಮನ್ಯುವಿನ ಹಾಗೆ ಬೀಸಾಡಬೇಡಿ. ಬಭ್ರುವಾಹನನ ನಾಲಿಗೆ ಇದೇ ಮೊದಲ ಸಲ ಆ ಮಾತನ್ನು ಅಪ್ಪನ ಮುಖ ನೋಡಿ ಆಡುತ್ತಿದೆ. ಅರ್ಜುನನ ಎದುರು ತಲೆ ತಗ್ಗಿಸಿ ನಿಂತಾಗ ಕಾಲೂ ಸುಮ್ಮನಿರಲಿ, ಅಲ್ಲಿ ಹೆಜ್ಜೆ ಹಾಕಿದರೆ ಕೆಡುತ್ತದೆ. ಪ್ರವೇಶದಲ್ಲೇ ಸಿಳ್ಳೆಗಾಗಿ ದಿಗಿಣ (ಹಾರಿ ಸುತ್ತುವ ಕುಣಿತ) ಹೊಡೆದು ಹೊಡೆದು, ಅಪ್ಪ-ಮಗನ ಸಂವಾದದ ಹೊತ್ತಿಗೆ ಏದುಸಿರು ಬಿಡುವ ಬಭ್ರುವಾಹನರೇ ಹೆಚ್ಚು. ಉಸಿರು ಉಳಿಸಿಕೊಳ್ಳಿ. ದಿಗಿಣ ಏನಿದ್ದರೂ ಅವಮಾನವಾದ ನಂತರ, ಯುದ್ಧಕ್ಕೆ.

ತಯಾರಿ ಎಂದರೆ ಪ್ರಸಂಗದ, ಅಂದರೆ ಆಡುವ ಕಥೆಯ, ಪದ್ಯ ಬಾಯಿಗೆ ಬರಬೇಕು. ನಿಮ್ಮದಷ್ಟೇ ಸಾಲದು, ಅರ್ಜುನನದ್ದೂ ಚಿತ್ರಾಂಗದೆಯದ್ದೂ ಬರಬೇಕು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಈ ಕಥೆಯಿದೆ, ಓದಿ. ಯಾವ ಪದ್ಯ ಬಿಡುತ್ತಾರೆ ಎಂದು ಭಾಗವತರನ್ನು ಮೊದಲೇ ಕೇಳಿ. ಚೌಕಿಯಲ್ಲಿ ಮೊಬೈಲ್ ನೋಡುತ್ತ ಕೂರುವ ಬದಲು ಎದುರಿನ ಅರ್ಜುನನ ಜತೆ ಮಾತಾಡಿ: ಅವನು ಯಾವ ಮಾತಿನಿಂದ ಹಂಗಿಸುತ್ತಾನೆ, ನೀವು ಎಷ್ಟರವರೆಗೆ ತಾಳುತ್ತೀರಿ. ಯೂಟ್ಯೂಬಿನಲ್ಲಿ ದೊಡ್ಡ ಕಲಾವಿದರ ಅರ್ಥ (ಪದ್ಯಕ್ಕೆ ಆಡುವ ಮಾತು) ಕೇಳಿ, ಬರೆದುಕೊಂಡು, ರಂಗದಲ್ಲಿ ಒಪ್ಪಿಸುವವರಿದ್ದಾರೆ. ಅರ್ಜುನ ಬೇರೊಂದು ಪ್ರಶ್ನೆ ಹಾಕಿದರೆ ಅಲ್ಲಿಗೆ ಮುಗಿಯಿತು, ಮುಖ ಮುಖ ನೋಡುವುದೇ ಕೆಲಸ.

ಪ್ರಶ್ನೆ: ಸ್ವರ ತೆರೆಯಲು ಒಬ್ಬರು ಲೇಹ್ಯ ಕೊಡುತ್ತಾರೆ. ರಂಗಕ್ಕೆ ಹೋಗುವ ಮುಂಚೆ ಸ್ವಲ್ಪ ‘ಹಾಕಿದರೆ’ ರೌದ್ರ ಚೆನ್ನಾಗಿ ಬರುತ್ತದೆ ಎಂದೂ ಹೇಳುತ್ತಾರೆ. ನಿಜವೇ?

ಉತ್ತರ: ಸುಳ್ಳು, ಎರಡೂ. ಒಳಗೆ ಏನು ಹಾಕಿದ್ದಾನೆಂದು ಹೇಳದವನ ಲೇಹ್ಯವನ್ನು ಗಂಟಲಿಗೆ ಇಳಿಸಬೇಡಿ. ಎರಡು ಮೂರು ವಾರವಾದರೂ ಸ್ವರ ಒಡೆದೇ ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಕುಡಿದವನ ಜತೆ ನಾನು ರಂಗ ಹತ್ತುವುದಿಲ್ಲ.

ಪ್ರಶ್ನೆ: ಹಾಸ್ಯ ಸುಲಭ, ಅದರಿಂದಲೇ ಶುರು ಮಾಡಲೇ?

ಉತ್ತರ: ಒಂದೇ ರಾತ್ರಿ ದೂತ, ಬ್ರಾಹ್ಮಣ, ಮುದುಕ ಎಲ್ಲ ಆಗಬೇಕಾದವನು ಹಾಸ್ಯಗಾರ. ಕೊನೆಗೆ ಕಲಿಯಿರಿ.

ಪ್ರಶ್ನೆ: ಹತ್ತು ದಿನದಲ್ಲಿ ಯಕ್ಷಗಾನ ಕಲಿಸುವ ಆನ್‌ಲೈನ್ ಕೋರ್ಸ್ ಸೇರಬಹುದೇ?

ಉತ್ತರ: ದುಡ್ಡು ಹೆಚ್ಚಾಗಿದ್ದರೆ ಸೇರಿ.

ಪ್ರಶ್ನೆ: ಬಣ್ಣದ ವೇಷಕ್ಕೆ ಮುಖದ ಮೇಲೆ ಚಿಟ್ಟಿ (ಉಬ್ಬುಚುಕ್ಕಿ) ಇಡಲು ಗಂಟೆಗಟ್ಟಲೆ ಹಿಡಿಯುತ್ತದೆ. ಬದಲಿಗೆ ಮುಖವಾಡ ಹಾಕಿದರೆ?

ಉತ್ತರ: ಹಾಕಿಕೊಳ್ಳಿ ಮಾರಾಯರೇ, ಅದನ್ನು ಬಣ್ಣದ ವೇಷ ಎಂದು ಮಾತ್ರ ಕರೆಯಬೇಡಿ. ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿಯ ಅಡಿಯಲ್ಲಿ ಹುಬ್ಬು, ಕೆನ್ನೆ ಆಡುತ್ತವೆ, ರಕ್ಕಸನ ಸಿಟ್ಟು ಅಲ್ಲೇ ಕಾಣುವುದು. ಮುಖವಾಡದಲ್ಲಿ ಅದೆಲ್ಲಿ? ಆದರೆ ಸುಣ್ಣ ಚರ್ಮ ಸುಡುತ್ತದೆ. ಹೊಸಬರು ಮೊದಲ ದಿನವೇ ಕಣ್ಣಿನ ಹತ್ತಿರ ಇಟ್ಟುಕೊಳ್ಳಬೇಡಿ, ಪಳಗಿದ ಬಣ್ಣದ ವೇಷಧಾರಿಯ ಎದುರು ಕುಳಿತು ಕಲಿತ ಮೇಲೆ ಸಾಕು.