ವಿದ್ಯಾರ್ಥಿಗಳ ಮನಸ್ಸಿಗೊಂದು ಆಪ್: ಮೊದಲು ಒಂಬತ್ತನೇ ಪ್ರಶ್ನೆ ನೋಡಿ

ದಾವಣಗೆರೆಯಲ್ಲಿ ಎಂಸಿಎ ಕೊನೆ ವರ್ಷ, ಯೂನಿವರ್ಸಿಟಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆ ಮೊಬೈಲ್ ಆಪ್ ಮಾಡಬೇಕು, ಯಾವ ಫೀಚರ್ ಹಾಕಲಿ ಅಂತ ಕೇಳಿದ್ದೀರಿ. ನಾನೂ ಇದೇ ಊರಲ್ಲಿ ಓದುವಾಗ ಇಂಥದ್ದೇ ಪ್ರಾಜೆಕ್ಟ್ ಮಾಡಿದ್ದೆ.

ಚಾಟ್‌ಬಾಟ್, ಧ್ಯಾನದ ಸಂಗೀತ, ಮೂಡ್ ಗ್ರಾಫ್ ಎಲ್ಲ ಆಮೇಲೆ. ರಾತ್ರಿ ಎರಡು ಗಂಟೆಗೆ ಹಾಸ್ಟೆಲ್ ರೂಮಲ್ಲಿ ಒಬ್ಬ ಹುಡುಗ ನಿಮ್ಮ ಆಪ್‌ನಲ್ಲಿ ‘ಬದುಕೋದೇ ಬೇಡ ಅನ್ನಿಸ್ತಿದೆ’ ಅಂತ ಒತ್ತಿದ ಅಂದುಕೊಳ್ಳಿ. ಮುಂದೆ ಅವನ ಸ್ಕ್ರೀನ್ ಮೇಲೆ ಏನು ಬರಬೇಕು? ಮೊದಲು ಇದನ್ನು ತೀರ್ಮಾನ ಮಾಡಿ.

ಖಿನ್ನತೆ ಎಷ್ಟಿದೆ ಅಂತ ನೋಡುವ ಪ್ರಶ್ನಾವಳಿ ಪಿಎಚ್‌ಕ್ಯೂ-9 ಅನ್ನು ನೀವು ಹಾಕೇ ಹಾಕುತ್ತೀರಿ. ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಹೆಚ್ಚೆಂದರೆ ಒಟ್ಟು 27. 10 ಅಥವಾ ಜಾಸ್ತಿ ಬಂದರೆ ಗಮನ ಕೊಡಬೇಕು ಅನ್ನೋದು ಲೆಕ್ಕ. ನಾವು ಒಟ್ಟು ಅಂಕ ಮಾತ್ರ ನೋಡಿ ಕೋಡ್ ಬರೆದಿದ್ದೆವು. ಒಂಬತ್ತನೇ ಪ್ರಶ್ನೆ ಇರುವುದು ಸಾಯುವ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬಗ್ಗೆ. ಟೆಸ್ಟ್ ಮಾಡುವಾಗ ಗೆಳತಿಯೊಬ್ಬಳು ಬೇಕಂತಲೇ ಮಿಕ್ಕ ಎಂಟಕ್ಕೂ ಸೊನ್ನೆ ಕೊಟ್ಟು, ಅದೊಂದಕ್ಕೆ 1 ಕೊಟ್ಟಳು. ಹಸಿರು ಸ್ಕ್ರೀನ್ ಬಂತು: ‘ನೀವು ಚೆನ್ನಾಗಿದ್ದೀರಿ!’ ನನಗೆ ಕೈಕಾಲು ತಣ್ಣಗಾಯಿತು. ಆ ಪ್ರಶ್ನೆಗೆ ಸೊನ್ನೆ ಬಿಟ್ಟು ಏನೇ ಬಂದರೂ, ಒಟ್ಟು ಎಷ್ಟಿದ್ದರೂ, ನೇರ ಸಹಾಯದ ಸ್ಕ್ರೀನ್ ತೆರೆಯಬೇಕು.

ಅಲ್ಲಿ 14416 ಇರಲಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಆಪ್ ಒಳಗೇ ಇಡಿ, ಸರ್ವರ್‌ನಿಂದ ತರಿಸಬೇಡಿ. ನೆಟ್ ಇಲ್ಲದಿದ್ದರೂ ಡಯಲರ್ ತೆರೆಯಬೇಕು. ಆಂಡ್ರಾಯ್ಡ್‌ನಲ್ಲಿ ನಂಬರ್ ತುಂಬಿ ಡಯಲರ್ ತೆರೆಯುವ ಡಯಲ್ ಇಂಟೆಂಟ್‌ಗೆ ಕಾಲ್ ಪರ್ಮಿಷನ್ ಕೂಡ ಬೇಕಿಲ್ಲ.

ಇನ್ನು ಗುಟ್ಟಿನ ವಿಷಯ. ನಮ್ಮ ಆಪ್ ಬಳಸುತ್ತಿದ್ದ ಹುಡುಗಿಯೊಬ್ಬಳು ಮೆಸ್‌ನಲ್ಲಿ ತಟ್ಟೆ ಹಿಡಿದು ಸಾಲಲ್ಲಿ ನಿಂತಿದ್ದಳು. ಫೋನ್ ಮೇಲೆ ‘ಇವತ್ತು ಬೇಜಾರು ಕಮ್ಮಿ ಆಯ್ತಾ?’ ಅಂತ ನೋಟಿಫಿಕೇಶನ್ ಬಂತು. ಪಕ್ಕದವಳು ಓದಿದಳು. ಸಂಜೆಯೊಳಗೆ ಇವಳು ಆಪ್ ತೆಗೆದುಹಾಕಿದ್ದಳು. ಅವಳನ್ನು ಮತ್ತೆ ಕೇಳುವ ಮುಖ ನಮಗಿರಲಿಲ್ಲ. ಹೆಸರು, ರಿಜಿಸ್ಟರ್ ನಂಬರ್ ಯಾವುದೂ ಕೇಳಬೇಡಿ. ಬರೆದದ್ದೆಲ್ಲ ಫೋನಲ್ಲೇ ಉಳಿಯಲಿ, ಪಿನ್ ಇರಲಿ. ಕಾಲೇಜಿನವರು ‘ಯಾರ ಅಂಕ ಎಷ್ಟು, ಪಟ್ಟಿ ಕೊಡಿ’ ಅಂದರೆ ಕೊಡಲು ನಿಮ್ಮ ಹತ್ತಿರ ಏನೂ ಇರಬಾರದು.

ಭಾಷೆ ಬಗ್ಗೆ ಒಂದು ಮಾತು. ಪಿಎಚ್‌ಕ್ಯೂ-9ರ ಕನ್ನಡ ರೂಪ ಸಿಗುತ್ತದೆ, ಅದನ್ನು ಹಾಗೇ ಬಳಸಿ. ಮಿಕ್ಕ ಕಡೆ ‘ಖಿನ್ನತೆ’ ಅಂತ ಬರೆಯಬೇಡಿ. ಜಗಳೂರು, ಚನ್ನಗಿರಿ ಕಡೆಯಿಂದ ಬಂದ ಹುಡುಗರು ‘ಊಟ ಸೇರ್ತಿಲ್ಲ’, ‘ಯಾರ್ ಜೊತೆಗೂ ಮಾತು ಬ್ಯಾಡ ಅನ್ಸುತ್ತೆ’ ಅಂತಾರೆ.

ಕೋಡ್ ಶುರು ಮಾಡುವ ಮುಂಚೆ ನಿಮ್ಮ ಗೈಡ್ ಹತ್ತಿರ ಪತ್ರ ತಗೊಂಡು ಮಾನಸಿಕ ಆರೋಗ್ಯದ ಡಾಕ್ಟರ್ ಒಬ್ಬರನ್ನು ಕಂಡು ಬನ್ನಿ. ಸಹಾಯದ ಸ್ಕ್ರೀನ್‌ಗೆ ಅಂತ ನಾವು ಐದು ಸಾಲು ಬರೆದುಕೊಂಡು ಹೋಗಿದ್ದೆವು. ಡಾಕ್ಟರ್ ಪೆನ್ ತಗೊಂಡು ನಾಲ್ಕು ಹೊಡೆದುಹಾಕಿದರು. ಉಳಿದದ್ದು ಇಷ್ಟೇ: ‘ಈಗ ಒಬ್ಬರೇ ಇರಬೇಡಿ, ಪಕ್ಕದ ರೂಮಿನವರನ್ನು ಎಬ್ಬಿಸಿ.’ ಅದರ ಕೆಳಗೆ ಫೋನ್ ಬಟನ್.